ಕೆಲಸ ಕಳೆದುಕೊಂಡವರ ಹಣ ಯಾರ ಕೈಯಲ್ಲಿದೆ?

ಮಿಲ್ಲಿನ ಗೇಟಿಗೆ ಒಂದು ಕಾಗದ ಅಂಟಿಸಲು ಮಾಲೀಕರಿಗೆ ಐದು ನಿಮಿಷ ಸಾಕು. ಆ ಕಾಗದ ಓದಿಕೊಂಡು ಮನೆಗೆ ಹಿಂತಿರುಗುವ ಕಾರ್ಮಿಕನಿಗೆ ದಿನವೂ ತುಳಿದ ದಾರಿಯೇ ಮುಗಿಯುವುದಿಲ್ಲ. ಮನೆಯಲ್ಲಿ ಏನು ಹೇಳಬೇಕು, ಅಂಗಡಿಯ ಸಾಹುಕಾರರಿಗೆ ಏನು ಹೇಳಬೇಕು, ಮಗಳ ಫೀಜು ಎಲ್ಲಿಂದ ತರಬೇಕು ಎಂಬ ಚಿಂತೆಯಲ್ಲಿ ಅವನು ಒಂದು ಮಾತನ್ನು ಕೇಳಿಕೊಳ್ಳುವುದೇ ಇಲ್ಲ: “ಇಷ್ಟು ವರ್ಷ ನನ್ನ ಸಂಬಳದಿಂದ ಹಿಡಿದ ಹಣದಲ್ಲಿ, ನನ್ನ ಹೆಸರಿಗೆ ಕಾಯಿದೆ ಬರೆದಿಟ್ಟ ಪರಿಹಾರದಲ್ಲಿ, ಈಗ ನನಗೆ ಬರಬೇಕಾದದ್ದು ಎಷ್ಟು?” ಕೇಳದವನಿಗೆ ಹೇಳುವವರು ಯಾರೂ ಇಲ್ಲ. ಹೇಳಬೇಕಾದವರು ಬಾಯಿ ಮುಚ್ಚಿಕೊಂಡಿದ್ದಾರೆ. ಆದ್ದರಿಂದ ಈ ವಾರ ನಾವೇ ಬಾಯಿ ತೆರೆಯುತ್ತೇವೆ.

ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿದ್ದಾಗ ಮಕ್ಕಳಿಗೆ ನಾವೇ ಪಾಠ ಹೇಳಿದ್ದೆವು. ಆ ಹೆಸರು ತಂದುಕೊಟ್ಟ ಮಿಲ್ಲುಗಳಲ್ಲಿ ಬಹುಪಾಲು ಇಂದು ಸೀಟಿ ಊದುವುದಿಲ್ಲ. ಮಿಲ್ಲು ಮುಚ್ಚಿದ್ದು ಊರಿಗೆಲ್ಲ ಗೊತ್ತಿದೆ. ಮುಚ್ಚಿದಾಗ ಒಳಗಿದ್ದವರಿಗೆ ಎಷ್ಟು ಸಲ್ಲಬೇಕಿತ್ತು, ಎಷ್ಟು ಸಂದಿತು ಎಂಬುದು ಯಾವ ಪಾಠಪುಸ್ತಕದಲ್ಲೂ ಇಲ್ಲ.

ಒಂದು ಸಹಿಯ ಬೆಲೆ

ನಾವೇ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇವೆ. ಮಿಲ್ಲಿನ ಹೆಸರು ಬೇಡ, ಆ ತಾಯಿಯ ಹೆಸರೂ ಬೇಡ. 2023ರ ಬೇಸಿಗೆ. ಒಂದು ಮಿಲ್ಲಿನವರು ಒಂದು ಪಾಳಿಯನ್ನು ನಿಲ್ಲಿಸಲು ನಿಶ್ಚಯಿಸಿದರು. ನಿಲ್ಲಿಸುತ್ತೇವೆಂದು ನೋಟೀಸು ಹಾಕಲಿಲ್ಲ. ಆ ಪಾಳಿಯವರನ್ನು ಒಬ್ಬೊಬ್ಬರನ್ನಾಗಿ ಟೈಮ್ ಆಫೀಸಿಗೆ ಕರೆದರು. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಕಾಗದ. “ಇಲ್ಲಿ ಒಂದು ಸಹಿ ಹಾಕಿ, ನಿಮ್ಮ ಪಿ.ಎಫ್., ಗ್ರ್ಯಾಚ್ಯುಟಿ ಬೇಗ ಬರುತ್ತದೆ. ಹಾಕದಿದ್ದರೆ ವರ್ಷಗಟ್ಟಲೆ ಓಡಾಡಬೇಕಾಗುತ್ತದೆ” ಎಂದು ಗುಮಾಸ್ತರು ಹೇಳಿದರು. ವೈಂಡಿಂಗ್ ಖಾತೆಯಲ್ಲಿ 14 ವರ್ಷ ದುಡಿದಿದ್ದ ಆ ತಾಯಿ ಸಹಿ ಹಾಕಿದರು.

ಮಾರನೆಯ ದಿನ ಅದರ ನಕಲನ್ನು ನಮ್ಮ ಕಚೇರಿಗೆ ತಂದರು. ನಾವು ಓದಿ ಕನ್ನಡದಲ್ಲಿ ಹೇಳಿದೆವು: “ನನ್ನ ಮನೆಯ ಸ್ವಂತ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.” ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನಾನು ಹೀಗೆ ಹೇಳಲೇ ಇಲ್ಲವಲ್ಲ?” ಎಂದರು.

ಹೌದು, ಹೇಳಲಿಲ್ಲ. ಆದರೆ ಕಾಗದ ಹೇಳಿತು. ಮುಂದೆ ಅವರು ಹೋದ ಪ್ರತಿಯೊಂದು ಕಿಟಕಿಯಲ್ಲೂ ಅವರ ಬಾಯಿಗಿಂತ ಆ ಕಾಗದವೇ ಮೊದಲು ಮಾತನಾಡಿತು. “ಸಹಿ ನಿಮ್ಮದೇ ತಾನೆ?” ಎಂಬುದೊಂದೇ ಪ್ರಶ್ನೆ.

ಆ ಸಹಿಯ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಅವರ ದಿನಗೂಲಿ 400 ರೂಪಾಯಿ. ಅಂದು ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ ಒಬ್ಬ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೆ ಒಂದು ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. 14 ವರ್ಷಕ್ಕೆ 210 ದಿನ, 84,000 ರೂಪಾಯಿ. ನೋಟೀಸಿನ ಬದಲು 26 ದಿನದ ಕೂಲಿ 10,400. ಒಟ್ಟು 94,400 ರೂಪಾಯಿ.

ಇಷ್ಟಕ್ಕೇ ಮುಗಿಯಲಿಲ್ಲ. ಇ.ಎಸ್.ಐ.ಗೆ ವಂತಿಗೆ ಕಟ್ಟಿದ ಕಾರ್ಮಿಕನನ್ನು ಹೀಗೆ ತೆಗೆದರೆ ಅಥವಾ ಕಾರ್ಖಾನೆ ಮುಚ್ಚಿದರೆ, 2005ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ನಿರುದ್ಯೋಗ ಭತ್ಯೆ ಉಂಟು. ಯೋಜನೆಯ ನಿಯಮದಂತೆ ಮೊದಲ 12 ತಿಂಗಳು ದಿನಗೂಲಿಯ ಅರ್ಧ, ಆಮೇಲಿನ 12 ತಿಂಗಳು ಕಾಲುಭಾಗ. ಅಂದರೆ ದಿನಕ್ಕೆ 200, ಆಮೇಲೆ ದಿನಕ್ಕೆ 100. ವರ್ಷದ ಎಲ್ಲ ದಿನಗಳನ್ನೂ ಹಿಡಿದರೆ ಎರಡು ವರ್ಷಕ್ಕೆ 1,09,500 ರೂಪಾಯಿ. ಆ ಅವಧಿಯಲ್ಲಿ ತಮಗೂ ತಮ್ಮ ಕುಟುಂಬಕ್ಕೂ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆ. “ಸ್ವಇಚ್ಛೆಯಿಂದ ಬಿಟ್ಟೆ” ಎಂದವರಿಗೆ ಇದರಲ್ಲಿ ಒಂದು ಕಾಸೂ ಇಲ್ಲ.

ಎರಡನ್ನೂ ಕೂಡಿಸಿ: ಎರಡು ಲಕ್ಷ ಮೂರು ಸಾವಿರದ ಒಂಬೈನೂರು ರೂಪಾಯಿ. ಒಂದು ಸಹಿಗೆ! ಇದಕ್ಕೆ ಪ್ರತಿಯಾಗಿ ಆ ತಾಯಿಗೆ ಸಿಕ್ಕಿದ್ದೇನು? ಪಿ.ಎಫ್. ಮತ್ತು ಗ್ರ್ಯಾಚ್ಯುಟಿ. ಅವೆರಡೂ ಹೇಗಿದ್ದರೂ ಅವರವೇ. 5 ವರ್ಷ ದುಡಿದವನಿಗೆ ಗ್ರ್ಯಾಚ್ಯುಟಿ 1972ರ ಕಾಯಿದೆ ಕೊಟ್ಟ ಹಕ್ಕು. ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದುಹಾಕಿದರೂ ಬರುತ್ತದೆ. ಅವರ ಹಣವನ್ನೇ ಅವರಿಗೆ ತೋರಿಸಿ ಅವರ ಇನ್ನೊಂದು ಹಣವನ್ನು ಕಸಿದುಕೊಂಡರು. ಕಳ್ಳತನಕ್ಕೆ ಶಿಕ್ಷೆ ಇರುವ ದೇಶದಲ್ಲಿ ಇದಕ್ಕೆ ಏನು ಹೆಸರು?

ನಮ್ಮ ತಪ್ಪನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಪಾಳಿ ನಿಲ್ಲಿಸುತ್ತಾರೆಂಬ ಗುಸುಗುಸು ನಮಗೆ ಒಂದು ವಾರ ಮೊದಲೇ ಬಂದಿತ್ತು. ಗೇಟಿನ ಮುಂದೆ ನಿಂತು “ಯಾವ ಕಾಗದಕ್ಕೂ ಸಹಿ ಹಾಕಬೇಡಿ” ಎಂದು ಹೇಳಲು ನಾವು ಹೋದದ್ದು ಸಹಿ ಮುಗಿದ ಮೇಲೆ. ಸಹಿ ಹಾಕದೆ ಹಟ ಹಿಡಿದ ನಾಲ್ಕೈದು ಮಂದಿಗೆ ಪರಿಹಾರ ಬಂತು. ಆ ತಾಯಿಗೆ ಬರಲಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಯಾರಿಗೆ ಏನು ಸಲ್ಲಬೇಕು?

ಕೆಲಸ ಹೋದವನ ಮುಂದೆ ಈಗ ಮೂರು ಬಾಗಿಲುಗಳಿವೆ. ಒಂದೊಂದರ ಅಗುಳಿ ಎಲ್ಲಿದೆ ಎಂದು ತಿಳಿದುಕೊಳ್ಳೋಣ.

ಮೊದಲನೆಯದು ಮಾಲೀಕನ ಬಾಗಿಲು. ನೂಲಿಲ್ಲ, ಕರೆಂಟಿಲ್ಲ, ಆರ್ಡರಿಲ್ಲ ಎಂದು ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುವುದಕ್ಕೆ ಲೇಆಫ್ ಎನ್ನುತ್ತಾರೆ. 1953ರಲ್ಲಿ ಕಾಯಿದೆಗೆ ಹೊಸ ಅಧ್ಯಾಯ ಸೇರಿಸಿ, ಲೇಆಫ್ ದಿನಗಳಿಗೆ ಮೂಲ ಸಂಬಳ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಬೇಕೆಂದು ವಿಧಿಸಿದರು. 2025ರ ನವೆಂಬರ್ 21ರಂದು ಹಳೆಯ ಕಾಯಿದೆ ಹೋಗಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಅದರಲ್ಲೂ ಈ ಅರ್ಧ ಸಂಬಳ ಉಳಿದಿದೆ, ತೆಗೆದುಹಾಕಿದರೆ ವರ್ಷಕ್ಕೆ 15 ದಿನದ ಲೆಕ್ಕವೂ ಉಳಿದಿದೆ. ಆದರೆ ಲೇಆಫ್ ಪರಿಹಾರಕ್ಕೆ ಷರತ್ತುಗಳನ್ನು ನೋಡಿ: ಕಾರ್ಖಾನೆಯಲ್ಲಿ 50 ಕಾರ್ಮಿಕರಾದರೂ ಇರಬೇಕು, ನೀವು ಬದಲಿ ಕಾರ್ಮಿಕರಾಗಿರಬಾರದು, ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿರಬೇಕು, ಒಂದು ವರ್ಷದ ನಿರಂತರ ಸೇವೆ, ಎಂದರೆ 12 ತಿಂಗಳಲ್ಲಿ 240 ದಿನದ ಕೆಲಸ ಆಗಿರಬೇಕು. ಇನ್ನೊಂದು ಷರತ್ತು ಬಹಳ ಮಂದಿಗೆ ತಿಳಿಯದು. ಲೇಆಫ್ ಇರುವ ದಿನಗಳಲ್ಲೂ ಕೆಲಸದ ವೇಳೆಯಲ್ಲಿ ದಿನಕ್ಕೊಮ್ಮೆ ಗೇಟಿಗೆ ಬಂದು ಹಾಜರಿ ಹಾಕಬೇಕು. ಬರದವನಿಗೆ ಪರಿಹಾರವಿಲ್ಲ. “ಹೇಗೂ ಕೆಲಸವಿಲ್ಲ, ನಾಲ್ಕು ದಿನ ಇಟ್ಟಿಗೆ ಗೂಡಿಗೆ ಹೋಗಿ ಬರೋಣ” ಎಂದು ಹೋದವನು ಆ ನಾಲ್ಕು ದಿನದ ಅರ್ಧ ಸಂಬಳವನ್ನು ಮಾಲೀಕನಿಗೆ ಬಿಟ್ಟುಕೊಟ್ಟಂತೆ.

ಎರಡನೆಯದು ಇ.ಎಸ್.ಐ. ಬಾಗಿಲು. 10 ಮಂದಿ ದುಡಿಯುವ ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಪಡೆಯುವವರೆಲ್ಲ ಇದರ ಒಳಗೆ ಬರುತ್ತಾರೆ. ನಿಮ್ಮ ಸಂಬಳದಿಂದ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ. ಮಾಲೀಕನು ನೂರಕ್ಕೆ 3 ರೂಪಾಯಿ 25 ಪೈಸೆ ಸೇರಿಸಬೇಕು. ಈ ಹಣದಿಂದ ಆಸ್ಪತ್ರೆ, ಕಾಯಿಲೆ ರಜೆ, ಹೆರಿಗೆ ಭತ್ಯೆ ಸಿಗುತ್ತದೆಂದು ಎಲ್ಲರೂ ಬಲ್ಲರು. ಕೆಲಸ ಹೋದಾಗಲೂ ಇದರಿಂದ ಹಣ ಬರುತ್ತದೆಂದು ಬಲ್ಲವರು ನೂರರಲ್ಲಿ ಎಷ್ಟು ಮಂದಿ? ನಮ್ಮ ಸಭೆಗಳಲ್ಲಿ ಕೈ ಎತ್ತಿ ಎಂದರೆ ಒಂದೆರಡು ಕೈ ಮೇಲೇಳುತ್ತವೆ.

ಮೇಲೆ ಹೇಳಿದ 2005ರ ಯೋಜನೆ ಮುಚ್ಚಿದ ಕಾರ್ಖಾನೆಯವರಿಗೆ, ರಿಟ್ರೆಂಚ್‌ಮೆಂಟ್ ಆದವರಿಗೆ ಮತ್ತು ಕೆಲಸಕ್ಕೆ ಸಂಬಂಧಿಸದ ಅಪಘಾತದಿಂದ ಶಾಶ್ವತವಾಗಿ ಅಂಗಹೀನರಾದವರಿಗೆ. ಇವರನ್ನು ಬಿಟ್ಟು ಉಳಿದ ರೀತಿಯಲ್ಲಿ ಕೆಲಸ ಕಳೆದುಕೊಂಡವರಿಗೂ ಸಿಗಲೆಂದು 2018ರ ಜುಲೈ 1ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬ ಇನ್ನೊಂದನ್ನು ತಂದರು. ಆಗ ಅದರಲ್ಲಿ ಕೊಟ್ಟದ್ದು ದಿನಗೂಲಿಯ ಕಾಲುಭಾಗ, ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. ನಮ್ಮ ತಾಯಿಯ ಲೆಕ್ಕದಲ್ಲಿ ದಿನಕ್ಕೆ 100 ರೂಪಾಯಿಯಂತೆ 9,000 ರೂಪಾಯಿ. ದುಡಿಮೆ ಮೂವತ್ತು ವರ್ಷದ್ದು, ಭತ್ಯೆ ಮೂರು ತಿಂಗಳದ್ದು!

2020ರ ಮಾರ್ಚಿನಲ್ಲಿ ದೇಶವನ್ನೇ ಮುಚ್ಚಿದರು. ಕಾರ್ಮಿಕರು ಹೆದ್ದಾರಿಗಳಲ್ಲಿ ಮೂಟೆ ಹೊತ್ತು ನಡೆದದ್ದನ್ನು ಲೋಕವೆಲ್ಲ ನೋಡಿತು. ಆಗಸ್ಟಿನಲ್ಲಿ ಸರ್ಕಾರಕ್ಕೆ ಎಚ್ಚರವಾಗಿ ಕಾಲುಭಾಗವನ್ನು ಅರ್ಧಕ್ಕೆ ಏರಿಸಿದರು. 90 ದಿನ ಕಾಯಬೇಕಿದ್ದದ್ದನ್ನು 30 ದಿನಕ್ಕೆ ಇಳಿಸಿದರು. ಮಾಲೀಕನ ಮೂಲಕವೇ ಅರ್ಜಿ ಬರಬೇಕೆಂಬುದನ್ನು ಬಿಟ್ಟು, ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಕೊಡಬಹುದೆಂದರು. ಆಮೇಲೆ ಅಫಿಡವಿಟ್ಟಿನ ಕಟ್ಟಳೆಯನ್ನೂ ಕೈಬಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ, ಇ.ಎಸ್.ಐ. ದಿವಾಳಿಯೂ ಆಗಲಿಲ್ಲ. ಹಾಗಾದರೆ ಅದಕ್ಕೆ ಮೊದಲಿನ ಎರಡು ವರ್ಷ ಕಾಲುಭಾಗ ಕೊಟ್ಟದ್ದು ಯಾಕೆ? ಕೆಲಸದಿಂದ ಹೊರಹಾಕಿದ ಮಾಲೀಕನ ಕೈಯಿಂದಲೇ “ಇವನನ್ನು ಹೊರಹಾಕಿದ್ದೇನೆ” ಎಂದು ಬರೆಸಿ ತಾ ಎಂದು ಕಾರ್ಮಿಕನನ್ನು ಅಟ್ಟಿದ್ದು ಯಾಕೆ? ಕೋಳಿ ಕಳೆದುಕೊಂಡವನು ನರಿಯ ಹತ್ತಿರ ಹೋಗಿ ರಸೀತಿ ತರಬೇಕೆ?

ಮೂರನೆಯದು ರಾಜ್ಯ ಸರ್ಕಾರದ ಬಾಗಿಲು. 2023ರ ಚುನಾವಣೆಯಲ್ಲಿ ಮಾತುಕೊಟ್ಟು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭಿಸಿದ ಯುವನಿಧಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮೊದಲ ಸಾಲಿನಲ್ಲಿ 2022–23ರಲ್ಲಿ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ, ಮುಂದೆ ಓದದ, ಕರ್ನಾಟಕದಲ್ಲೇ ನೆಲೆಸಿದ ತರುಣರಿಗೆ ಎಂದು ಗೊತ್ತುಮಾಡಿದರು. ಇದನ್ನು ನಾವು ಹಳಿಯುವುದಿಲ್ಲ. ಮಿಲ್ಲು ಕಾರ್ಮಿಕನ ಮಗಳು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದರೆ ಆ 3,000 ರೂಪಾಯಿ ಆ ಮನೆಗೆ ದೊಡ್ಡದೇ. ಅವಳು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಲಿ. ಆದರೆ ಅವಳ ತಂದೆಯನ್ನು ನೋಡಿ: ಏಳನೆಯ ತರಗತಿ ಓದಿ, ಇಪ್ಪತ್ತೈದು ವರ್ಷ ನೂಲು ತೆಗೆದು, ನಲವತ್ತೈದರ ವಯಸ್ಸಿನಲ್ಲಿ ಬೀದಿಗೆ ಬಿದ್ದವನು. ಪದವಿಯಿಲ್ಲದ ನಿರುದ್ಯೋಗಿ ಸರ್ಕಾರದ ಕಣ್ಣಿಗೆ ನಿರುದ್ಯೋಗಿಯೇ ಅಲ್ಲವೆ? ಅವನ ಹೊಟ್ಟೆ ಮೆಟ್ರಿಕ್ ಪಾಸು ಮಾಡಿಲ್ಲವೆಂದು ಹಸಿಯುವುದನ್ನು ಬಿಡುತ್ತದೆಯೆ?

78 ದಿನದ ಗೋಡೆ

“ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ” ಎಂಬ ಗಾದೆಗೆ ಇ.ಎಸ್.ಐ. ಭತ್ಯೆಯಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಎರಡು ವರ್ಷ ವಿಮೆಯಲ್ಲಿರಬೇಕು ಎಂಬುದು ಮೊದಲ ಷರತ್ತು. ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್, ಹೀಗೆ ಆರಾರು ತಿಂಗಳಿಗೆ ಒಂದು ವಂತಿಗೆ ಅವಧಿ. 2018ರಲ್ಲಿ ಹಿಂದಿನ ನಾಲ್ಕು ಅವಧಿಗಳಲ್ಲೂ ತಲಾ 78 ದಿನದ ವಂತಿಗೆ ಇರಲೇಬೇಕೆಂದಿದ್ದರು. 2020ರಲ್ಲಿ ಸಡಿಲಿಸಿ, ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕೆಂದರು.

ಖಾಯಂ ಕಾರ್ಮಿಕನಿಗೆ 78 ದಿನ ಕಷ್ಟವಲ್ಲ. ಆದರೆ ಇಂದು ಮಿಲ್ಲುಗಳಲ್ಲಿ, ಗಾರ್ಮೆಂಟ್ಸುಗಳಲ್ಲಿ ಖಾಯಂ ಕಾರ್ಮಿಕರು ಎಷ್ಟು ಮಂದಿ ಉಳಿದಿದ್ದಾರೆ? ಗುತ್ತಿಗೆದಾರನ ಕೈಕೆಳಗಿನವನನ್ನು ಎರಡು ತಿಂಗಳು ದುಡಿಸಿ, ಒಂದು ತಿಂಗಳು “ಬ್ರೇಕ್” ಕೊಟ್ಟು, ಮತ್ತೆ ಬೇರೆ ಗುತ್ತಿಗೆದಾರನ ಹೆಸರಿನಲ್ಲಿ ಸೇರಿಸುತ್ತಾರೆ. ಅದೇ ಗೇಟು, ಅದೇ ಯಂತ್ರ, ಅದೇ ಮನುಷ್ಯ. ಕಾಗದದಲ್ಲಿ ಮಾತ್ರ ಹೊಸಬ. ಕೆಲವರು ಹಳೆಯ ವಿಮೆ ನಂಬರನ್ನು ಕೇಳುವ ಗೋಜಿಗೂ ಹೋಗದೆ ಹೊಸ ನಂಬರು ಮಾಡಿಸಿಬಿಡುತ್ತಾರೆ. ಐದು ವರ್ಷ ಕಟ್ಟಿದ ವಂತಿಗೆ ಮೂರು ನಂಬರುಗಳಲ್ಲಿ ಹಂಚಿಹೋಗಿ, ಯಾವ ನಂಬರಿನಲ್ಲೂ ಎರಡು ವರ್ಷ ತುಂಬುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಹೊಸ ಸಂಹಿತೆ ಇದಕ್ಕೆ ಮತ್ತೊಂದು ಬೀಗ ಸೇರಿಸಿದೆ. ಗೊತ್ತಾದ ಅವಧಿಗೆಂದು ನೇಮಿಸಿಕೊಂಡ ಕಾರ್ಮಿಕನ ಅವಧಿ ಮುಗಿದು ಮನೆಗೆ ಕಳಿಸಿದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ, ಪರಿಹಾರವೂ ಇಲ್ಲ. ಇನ್ನು ಮೇಲೆ ಖಾಯಂ ನೇಮಕ ಮಾಡುವ ಮೂರ್ಖ ಮಾಲೀಕ ಯಾರು? ಇನ್ನೊಂದು ಮಾತು. 100 ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಬೇಕಾದರೆ ಸರ್ಕಾರದ ಅಪ್ಪಣೆ ಬೇಕು ಎಂಬುದು ಹಳೆಯ ಕಾಯಿದೆಯಲ್ಲಿತ್ತು. ಹೊಸದರಲ್ಲಿ ಆ 100 ಎಂಬುದು 300 ಆಗಿದೆ. 299 ಮಂದಿಯ ಮಿಲ್ಲನ್ನು ಮುಚ್ಚುವ ಮಾಲೀಕ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ತೆಗೆದುಹಾಕಿದವನಿಗೆ ಹೊಸ ಕಸಬು ಕಲಿಯಲೆಂದು 15 ದಿನದ ಸಂಬಳವನ್ನು ಒಂದು ನಿಧಿಯ ಮೂಲಕ 45 ದಿನದೊಳಗೆ ಕೊಡಿಸುವ ಏರ್ಪಾಟನ್ನೂ ಅದೇ ಸಂಹಿತೆಯಲ್ಲಿ ಬರೆದಿದ್ದಾರೆ. ಮೂವತ್ತು ವರ್ಷದ ಕಸಬನ್ನು ಮರೆತು ಹೊಸದನ್ನು ಕಲಿಯಲು ಹದಿನೈದೇ ದಿನ! ನಾವು ಮೇಷ್ಟ್ರ ಕೆಲಸ ಮಾಡಿದವರು. ಮಗುವಿಗೆ ಮಗ್ಗಿ ಕಲಿಸಲೂ ಅಷ್ಟು ದಿನ ಸಾಲದು ಎಂದು ಬಲ್ಲೆವು.

ಅಂಗಡಿಯವರಿಗೆ ಎರಡು ಮಾತು

ವರ್ತಕ ಮಿತ್ರರಲ್ಲಿ ಕೆಲವರು ಈ ಪತ್ರಿಕೆಯನ್ನು ಓದುತ್ತ ಹೀಗೆನ್ನುವುದುಂಟು: “ಕೂತು ತಿನ್ನುವವರಿಗೆ ದುಡ್ಡು ಕೊಟ್ಟರೆ ಸೋಮಾರಿಗಳಾಗುತ್ತಾರೆ. ನಮಗೆ ಯಾರು ಕೊಡುತ್ತಾರೆ? ನಾವು ಮಳೆಯಲ್ಲೂ ಬಾಗಿಲು ತೆರೆಯುತ್ತೇವೆ.” ಮಾತಿನಲ್ಲಿ ನೋವಿದೆ. ಅದನ್ನು ತಳ್ಳಿಹಾಕದೆ ಉತ್ತರ ಹೇಳುತ್ತೇವೆ.

ನಿಮ್ಮ ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ್ದೀರಿ. ವರ್ಷವರ್ಷವೂ ಕಂತು ಕಟ್ಟಿದ್ದೀರಿ. ನಾಳೆ ಅಂಗಡಿ ಸುಟ್ಟರೆ ಕಂಪನಿಯವರು ಬಂದು, “ಪರಿಹಾರ ಕೊಟ್ಟರೆ ನೀವು ಸೋಮಾರಿಗಳಾಗುತ್ತೀರಿ” ಎಂದರೆ ಸುಮ್ಮನಿರುತ್ತೀರಾ? ಕಾರ್ಮಿಕನ ಅಂಗಡಿ ಅವನ ಕೈ. ಮಿಲ್ಲು ಮುಚ್ಚಿದ ದಿನ ಅದಕ್ಕೆ ಬೆಂಕಿ ಬಿತ್ತು. ಅವನೂ ಕಂತು ಕಟ್ಟಿದ್ದಾನೆ. ತಿಂಗಳಿಗೆ 12,000 ರೂಪಾಯಿ ಸಂಬಳದವನಿಂದ ತಿಂಗಳಿಗೆ 90 ರೂಪಾಯಿ ಹಿಡಿದಿದ್ದಾರೆ, ಮಾಲೀಕನ 390 ಸೇರಿ 480. ವರ್ಷಕ್ಕೆ 5,760. ಈ ದರದಲ್ಲಿ ಹತ್ತು ವರ್ಷಕ್ಕೆ 57,600 ರೂಪಾಯಿ. ಆ ಮಾಲೀಕನ ಪಾಲೂ ಕಾರ್ಮಿಕನ ಬೆವರಿನ ಲೆಕ್ಕದಲ್ಲೇ ಬರೆದದ್ದು. ಇದರಲ್ಲಿ ದಾನ ಎಲ್ಲಿದೆ? ಅರ್ಧ ಕೂಲಿಗೆ, ಅದೂ 90 ದಿನಕ್ಕೆ, ಯಾವ ಮನುಷ್ಯನೂ ಸೋಮಾರಿಯಾಗಲಾರ. ಅಷ್ಟು ಅಗ್ಗದಲ್ಲಿ ಸೋಮಾರಿತನ ನಮ್ಮ ಊರಿನಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ಉದ್ದರಿ ಪುಸ್ತಕವನ್ನೇ ತೆರೆಯಿರಿ. ಮಿಲ್ಲಿಗೆ ಬೀಗ ಬಿದ್ದ ತಿಂಗಳು ಮೊದಲು ನಿಲ್ಲುವುದು ಹಾಲು. ಆಮೇಲೆ ಎಣ್ಣೆ ಲೀಟರಿನಿಂದ ಕಾಲು ಲೀಟರಿಗೆ ಇಳಿಯುತ್ತದೆ. ಬೇಳೆ ಹೋಗಿ ಬರೀ ಉಪ್ಪು, ಮೆಣಸಿನಕಾಯಿ. ಮೂರನೆಯ ತಿಂಗಳು ಗಿರಾಕಿ ನಿಮ್ಮ ಬೀದಿಯನ್ನೇ ಬಿಟ್ಟು ಸುತ್ತು ದಾರಿಯಲ್ಲಿ ಮನೆಗೆ ಹೋಗುತ್ತಾನೆ. ಅವನು ನಿಮಗೆ ಮೋಸ ಮಾಡುತ್ತಿಲ್ಲ. ಮುಖ ತೋರಿಸಲು ನಾಚುತ್ತಿದ್ದಾನೆ. ಅವನಿಗೆ ಬರಬೇಕಾದ ಪರಿಹಾರ ಹಾಗೂ ಭತ್ಯೆ ಕೈಗೆ ಬಂದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು? ಮುಂಬಯಿಯ ಷೇರು ಪೇಟೆಗಲ್ಲ, ನಿಮ್ಮ ಗಲ್ಲಾಪೆಟ್ಟಿಗೆಗೆ. ಕಾರ್ಮಿಕನ ಭತ್ಯೆ ತಪ್ಪಿದರೆ ಆ ನಷ್ಟದಲ್ಲಿ ಒಂದು ಪಾಲು ನಿಮ್ಮದೂ ಹೌದು. ನಿಮ್ಮ ಅಂಗಡಿಯಲ್ಲಿ ದುಡಿಯುವ ಇಬ್ಬರು ಹುಡುಗರಿಗೂ ಈ ಕಾಯಿದೆಯ ನೆರಳಿಲ್ಲ, ಏಕೆಂದರೆ ನೀವು ಹತ್ತು ಮಂದಿಯನ್ನು ಇಟ್ಟುಕೊಂಡಿಲ್ಲ. ಅಂಗಡಿ ಮುಚ್ಚಿದರೆ ನಿಮಗೂ ಇಲ್ಲ, ಅವರಿಗೂ ಇಲ್ಲ. ಆದ್ದರಿಂದ “ಅವರಿಗೇಕೆ?” ಎಂದು ಕೇಳುವುದನ್ನು ಬಿಟ್ಟು “ನಮಗೇಕಿಲ್ಲ?” ಎಂದು ನಮ್ಮ ಜೊತೆ ನಿಂತು ಕೇಳಿರಿ.

ಹಣವಿಲ್ಲವೆಂಬ ಹಾಡು

ಸರ್ಕಾರದ ಉತ್ತರ ನಮಗೆ ಗೊತ್ತಿದೆ: ಬಡ ದೇಶ, ಹಣವಿಲ್ಲ. ಇಂಗ್ಲೆಂಡಿನಲ್ಲಿ ನಿರುದ್ಯೋಗ ವಿಮೆಯ ಕಾಯಿದೆ ಬಂದದ್ದು 1911ರಲ್ಲಿ. ವಾರಕ್ಕೆ 7 ಷಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಆಗ ಕಟ್ಟಡ, ಹಡಗು, ಯಂತ್ರ ಮೊದಲಾದ ಕೆಲವು ಕಸಬಿನವರಿಗೆ ಮಾತ್ರ ಕೊಟ್ಟರು. ಹತ್ತಿ ಗಿರಣಿಯವರನ್ನು ಹೊರಗಿಟ್ಟರು. ಅಸಲು ಮ್ಯಾಂಚೆಸ್ಟರಿನ ಗಿರಣಿ ಕಾರ್ಮಿಕರು 1920ರ ತನಕ ಕಾಯಬೇಕಾಯಿತು. ಅಲ್ಲಿಯೂ ಯಾರೂ ತಾವಾಗಿ ಕರೆದು ಕೊಡಲಿಲ್ಲ.

ನಮ್ಮ ಸಂವಿಧಾನದ 41ನೆಯ ವಿಧಿ ಕೆಲಸದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ಕಾಯಿಲೆಗಳಲ್ಲಿ ಸರ್ಕಾರದ ನೆರವು ಪಡೆಯುವ ಹಕ್ಕನ್ನೂ 1950ರಲ್ಲೇ ಹೇಳಿದೆ. “ಆರ್ಥಿಕ ಶಕ್ತಿಯ ಮಿತಿಯೊಳಗೆ” ಎಂಬ ಮಾತನ್ನೂ ಸೇರಿಸಿದೆ. ನ್ಯಾಯಾಲಯಕ್ಕೆ ಹೋಗಿ ಕೇಳುವಂತಿಲ್ಲವೆಂದೂ ಕಟ್ಟಿದೆ. ಎಪ್ಪತ್ತೈದು ವರ್ಷ ಕಳೆದರೂ ಆ ಶಕ್ತಿ ಬರಲಿಲ್ಲವಂತೆ. ಆದರೆ 2019ರ ಜುಲೈ 1ರಂದು ಇದೇ ಸರ್ಕಾರ ಇ.ಎಸ್.ಐ. ವಂತಿಗೆಯನ್ನು ನೂರಕ್ಕೆ ಆರೂವರೆಯಿಂದ ನಾಲ್ಕಕ್ಕೆ ಇಳಿಸಿತು. 12,000 ಸಂಬಳದ ಒಬ್ಬ ಕಾರ್ಮಿಕನ ಮೇಲೆ ಮಾಲೀಕ ತಿಂಗಳಿಗೆ 570 ರೂಪಾಯಿ ಕಟ್ಟುತ್ತಿದ್ದದ್ದು 390 ಆಯಿತು, 180 ಉಳಿಯಿತು. ಕಾರ್ಮಿಕನಿಗೂ 120 ಉಳಿಯಿತು, ಇಲ್ಲವೆನ್ನುವುದಿಲ್ಲ. ಆದರೆ ಕೇಳುತ್ತೇವೆ: ನಿಧಿಯಲ್ಲಿ ಹಣ ಹೆಚ್ಚಾಗಿದ್ದುದರಿಂದಲೇ ತಾನೆ ವಂತಿಗೆ ಇಳಿಸಿದ್ದು? ಹೆಚ್ಚಾಗಿದ್ದರೆ ಕೆಲಸ ಹೋದವನಿಗೆ ಅದೇ ವರ್ಷ ಕಾಲುಭಾಗದ ಬದಲು ಅರ್ಧ ಏಕೆ ಕೊಡಲಿಲ್ಲ? ಮಾಲೀಕನಿಗೆ ಬಿಡಲು ಹಣವಿದೆ, ಕಾರ್ಮಿಕನಿಗೆ ಕೊಡಲು ಹಣವಿಲ್ಲ. ಈ ಹಾಡು ನಮಗೆ ಬಾಯಿಪಾಠವಾಗಿದೆ.

ಈಗ ಮಾಡಬೇಕಾದದ್ದು

ಕಾರ್ಮಿಕ ಬಂಧುಗಳೇ, ಕಾಯಿದೆ ಬದಲಾಗುವ ತನಕ ಕಾಯಬೇಡಿ. ಇರುವುದನ್ನು ಮೊದಲು ವಸೂಲು ಮಾಡೋಣ.

1. ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. “ರಾಜೀನಾಮೆ”, “ಸ್ವಇಚ್ಛೆ” ಎಂಬ ಮಾತು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಗ್ರ್ಯಾಚ್ಯುಟಿಗೆ ರಾಜೀನಾಮೆ ಬೇಕಿಲ್ಲ.

2. ನಿಮ್ಮ ಇ.ಎಸ್.ಐ. ವಿಮೆ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಗುತ್ತಿಗೆದಾರ ಬದಲಾದಾಗ ಹಳೆಯ ನಂಬರನ್ನೇ ಕೊಡಿ. ಹೊಸ ನಂಬರು ಮಾಡಿಸಲು ಬಿಡಬೇಡಿ.

3. ಸಂಬಳದ ಚೀಟಿಗಳನ್ನು ಎಸೆಯಬೇಡಿ. 78 ದಿನವೋ 240 ದಿನವೋ ಎಂಬ ಜಗಳದಲ್ಲಿ ನಿಮ್ಮ ಕಡೆಯ ಸಾಕ್ಷಿ ಆ ಚೀಟಿಯೊಂದೇ.

4. ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ವಿಮೆ ದಾಖಲೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಕೆಲಸ ಇರುವಾಗಲೇ ತಿದ್ದಿಸಿಕೊಳ್ಳಿ. ಹೋದ ಮೇಲೆ ತಿದ್ದಿಸುವುದು ಕಷ್ಟ.

5. ಲೇಆಫ್ ಆದರೆ ದಿನಕ್ಕೊಮ್ಮೆ ಗೇಟಿಗೆ ಹೋಗಿ ಹಾಜರಿ ಹಾಕಿ. ಪುಸ್ತಕ ಕೊಡದಿದ್ದರೆ ಹತ್ತು ಮಂದಿ ಸೇರಿ ಅರ್ಜಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ.

6. ಕೆಲಸ ಹೋದ ಮೇಲೆ ಇ.ಎಸ್.ಐ. ಶಾಖಾ ಕಚೇರಿಗೆ ಹೋಗಿ “ಯಾವ ಯೋಜನೆಯಲ್ಲಿ ನನಗೆ ಭತ್ಯೆ ಇದೆ?” ಎಂದು ಕೇಳಿ. ಇಲ್ಲವೆಂದರೆ ಏಕಿಲ್ಲವೆಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಇಲ್ಲವೆಂಬುದಕ್ಕೆ ಮೇಲ್ಮನವಿ ಇಲ್ಲ.

ಸರ್ಕಾರಕ್ಕೆ ನಮ್ಮ ಬೇಡಿಕೆಗಳು ಇವು. ಕೆಲಸ ಹೋದವನ ಭತ್ಯೆ ತಾತ್ಕಾಲಿಕ ಯೋಜನೆಯಾಗಿ ಆಗಾಗ ವಾಯಿದೆ ಹೆಚ್ಚಿಸಿಕೊಳ್ಳುವ ಸ್ಥಿತಿ ತಪ್ಪಿ, ಕಾಯಿದೆಯ ಶಾಶ್ವತ ಹಕ್ಕಾಗಬೇಕು. ಜೀವಮಾನದಲ್ಲಿ ಒಂದೇ ಸಲ ಎಂಬ ಷರತ್ತು ಹೋಗಬೇಕು. ಮಾಲೀಕ ಜೀವಮಾನದಲ್ಲಿ ಒಂದೇ ಸಲ ಕೆಲಸದಿಂದ ತೆಗೆಯುತ್ತಾನೆಂದು ಬರೆದುಕೊಟ್ಟಿಲ್ಲ. ಕಾರ್ಮಿಕನನ್ನು ತೆಗೆದಾಗ ಕೊಡುವ ಕಾಗದ ಕನ್ನಡದಲ್ಲಿರಬೇಕು, ಅದರಲ್ಲಿ ಅವನಿಗೆ ಸಲ್ಲಬೇಕಾದ ಪ್ರತಿ ಮೊತ್ತವೂ ಅಂಕಿಗಳಲ್ಲಿ ಇರಬೇಕು. ರಾಜೀನಾಮೆ ಕೊಟ್ಟನೆಂದು ಮಾಲೀಕ ಹೇಳಿದರೆ ಅದು ನಿಜವೆಂದು ತೋರಿಸುವ ಹೊಣೆ ಮಾಲೀಕನದಾಗಬೇಕು. ಹತ್ತಕ್ಕಿಂತ ಕಡಿಮೆ ಮಂದಿಯ ಅಂಗಡಿ, ಮಗ್ಗ, ಕಾರ್ಯಾಗಾರಗಳಿಗೂ ವಿಮೆ ಬರಬೇಕು. ಸಣ್ಣ ವರ್ತಕನ ಪಾಲಿನ ವಂತಿಗೆಯನ್ನು ಸರ್ಕಾರ ಹೊರಬೇಕು.

ಆ ತಾಯಿ ಈಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ. ಎರಡು ಲಕ್ಷ ಮೂರು ಸಾವಿರದ ಒಂಬೈನೂರು ರೂಪಾಯಿ ಅವರ ಪಾಲಿಗೆ ಹೋಯಿತು. ಆದರೆ ಹೋದ ತಿಂಗಳು ಅವರ ತಂಗಿ ದುಡಿಯುವ ಕಡೆ ಇದೇ ಬಗೆಯ ಕಾಗದ ಬಂದಾಗ, ಆ ತಂಗಿ ಸಹಿ ಹಾಕಲಿಲ್ಲ. “ನಮ್ಮಕ್ಕನನ್ನು ಕೇಳಿ ಹಾಕುತ್ತೇನೆ” ಎಂದು ಹೇಳಿ ಕಾಗದವನ್ನು ಮಡಿಚಿ ಕಿಸೆಗಿಟ್ಟುಕೊಂಡು ಬಂದರು. ಅವರ ಹಿಂದೆ ಇನ್ನೂ ಹನ್ನೊಂದು ಮಂದಿ ಹಾಗೆಯೇ ಎದ್ದು ಬಂದರು. ಆ ಹನ್ನೆರಡು ಕಾಗದಗಳು ಈಗ ನಮ್ಮ ಕಚೇರಿಯ ಮೇಜಿನ ಮೇಲಿವೆ, ಸಹಿ ಇಲ್ಲದೆ.

ಇಂಥ ಕಾಗದ ಯಾರ ಕೈಗೆ ಬಂದರೂ ಸಹಿ ಹಾಕುವ ಮೊದಲು ನಮ್ಮಲ್ಲಿಗೆ ತನ್ನಿ. ಈ ಸಲ ನಾವು ತಡಮಾಡುವುದಿಲ್ಲ.